ಯೂರಿಯಾ ಯಾವ ಗಣಿಯದು?



ಕಳೆದ ಮುಂಗಾರಿನ ಆರಂಭದಲ್ಲಿ ಸಿಂಧನೂರು ತಾಲ್ಲೂಕಿನ ಒಂದು ಊರಿಗೆ ಹೋಗಿದ್ದೆ. ಊರ ಮುಂದಿನ ಕಟ್ಟೆಯ ಮೇಲೆ ನಾಲ್ಕಾರು ಮಂದಿ ಕುಳಿತಿದ್ದರು. ಸೊಸೈಟಿಗೆ ಯೂರಿಯಾ ಬಂದಿದೆಯೋ ಇಲ್ಲವೋ, ಒಬ್ಬೊಬ್ಬರಿಗೆ ಎಷ್ಟು ಚೀಲ ಸಿಕ್ಕೀತು, ಇದೇ ಮಾತು ನಡೆದಿತ್ತು. ಅವರಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬರು, ಎಂಬತ್ತು ದಾಟಿದವರು, ನನ್ನನ್ನು ಕರೆದು ಕೇಳಿದರು: "ಸಾಹೇಬ್ರೆ, ನನಗೊಂದು ತಿಳೀವಲ್ದು ನೋಡ್ರಿ. ಈ ಯೂರಿಯಾ ಯಾವ ಗಣ್ಯಾಗಿಂದ ತೆಗೀತಾರ? ನಮ್ಮ ಹಟ್ಟಿ ಗಣಿ ಇದ್ದಂಗ ಅದಕ್ಕೂ ಒಂದು ಗಣಿ ಇರಬೇಕಲ್ರಿ?"

ಕೂತಿದ್ದ ಹುಡುಗರು ನಕ್ಕರು. ನಾನೂ ನಕ್ಕೆ. "ಇಲ್ಲ ತಾತ, ಅದು ಗಣ್ಯಾಗ ಸಿಗೋದಲ್ಲ, ಫ್ಯಾಕ್ಟರಿಯಾಗ ಮಾಡೋದು" ಎಂದು ಹೇಳಿ ಮೋಟಾರ್ ಸೈಕಲ್ ಹತ್ತಿದೆ. ಆದರೆ ದಾರಿಯುದ್ದಕ್ಕೂ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಕೃಷಿ ಡಿಪ್ಲೊಮಾದಲ್ಲಿ ನಾನು ಓದಿದ್ದನ್ನೆಲ್ಲ ನೆನಪು ಮಾಡಿಕೊಂಡು ನೋಡಿದರೆ, ತಾತ ಕೇಳಿದ್ದೇ ಸರಿ, ನಾನು ಕೊಟ್ಟ ಉತ್ತರವೇ ಅರ್ಧಂಬರ್ಧ. ಯೂರಿಯಾಕ್ಕೆ ಗಣಿ ಉಂಟು. ಆ ಗಣಿಯ ಕಥೆಯನ್ನೇ ಈ ದಿನ ನಿಮಗೆ ಹೇಳಬೇಕೆಂದಿದ್ದೇನೆ. ಕಥೆ ಸ್ವಲ್ಪ ಉದ್ದ. ಸುಮಾರು ಮೂವತ್ತು ಕೋಟಿ ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ನೀವೆಲ್ಲರೂ ತಿಪ್ಪೆಗುಂಡಿ ಕಂಡವರೇ. ಗುಂಡಿಗೆ ಹಾಕಿದ ಸೊಪ್ಪು ಸದೆ, ಕಣದ ಹೊಟ್ಟು ಆರು ತಿಂಗಳಲ್ಲಿ ಕೊಳೆತು ಅರ್ಧಕ್ಕೆ ಇಳಿಯುತ್ತದೆ. ಉಳಿದರ್ಧ ಎಲ್ಲಿ ಹೋಯಿತು? ಗಾಳಿಗೆ ಹೋಯಿತು. ಗಿಡ ತನ್ನ ಎಲೆಯಿಂದ ಗಾಳಿಯೊಳಗಿನ ಇಂಗಾಲಾಮ್ಲವನ್ನು ಹೀರಿ, ಬಿಸಿಲಿನ ಬಲದಿಂದ ಮೈ ಕಟ್ಟಿಕೊಂಡಿತ್ತಲ್ಲವೆ? ಕೊಳೆಯಿಸುವ ಸೂಕ್ಷ್ಮಜೀವಿಗಳು ಅದನ್ನೇ ತಿಂದು ಮತ್ತೆ ಗಾಳಿಗೆ ಬಿಟ್ಟವು. ಪಡೆದದ್ದನ್ನು ಹಿಂದಿರುಗಿಸಿದಂತಾಯಿತು, ಲೆಕ್ಕ ಚುಕ್ತಾ.

ಆದರೆ ಇದೇ ಸೊಪ್ಪು ನೀರಿನ ತಳದಲ್ಲಿ, ಕೆಸರಿನೊಳಗೆ ಹೂತುಹೋದರೆ? ಕೆರೆಯ ಹೂಳು ತೆಗೆಯುವಾಗ ಒಮ್ಮೊಮ್ಮೆ ಕಪ್ಪಗಾದ ಮರದ ದಿಮ್ಮಿ ಸಿಗುವುದುಂಟು. ಎಷ್ಟೋ ವರ್ಷ ಕಳೆದಿದ್ದರೂ ಅದು ಕೊಳೆತಿರುವುದಿಲ್ಲ. ಗಾಳಿಯಾಡದ ಕಡೆ ಕೊಳೆಯುವ ಕೆಲಸ ತೀರ ನಿಧಾನ. ಕಲ್ಲಿದ್ದಲು ಹುಟ್ಟುವುದಕ್ಕೆ ಮೊದಲ ಗುಟ್ಟು ಇದೇ. ತಿಪ್ಪೆಗುಂಡಿ ಕೆಟ್ಟುಹೋದಂತೆ ಎಂದರೂ ನಡೆದೀತು.

ಈಗಿನಿಂದ 25-30 ಕೋಟಿ ವರ್ಷಗಳ ಹಿಂದೆ ನಮ್ಮ ಭಾರತದ ಭೂಭಾಗ ಈಗಿರುವಲ್ಲಿ ಇರಲಿಲ್ಲ. ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕ, ದಕ್ಷಿಣ ಧ್ರುವದ ಅಂಟಾರ್ಕ್ಟಿಕ, ಇವೆಲ್ಲವುಗಳ ಜತೆ ಅಂಟಿಕೊಂಡು ದೂರದ ದಕ್ಷಿಣದಲ್ಲಿ ಒಂದೇ ದೊಡ್ಡ ನೆಲವಾಗಿತ್ತು. ಅದಕ್ಕೆ ಭೂವಿಜ್ಞಾನಿಗಳು ಗೊಂಡ್ವಾನ ಎಂದು ಹೆಸರಿಟ್ಟಿದ್ದಾರೆ. ನಮ್ಮ ಮಧ್ಯ ಭಾರತದ ಗೊಂಡರ ನಾಡಿನ ಹೆಸರೇ ಅದು. ಹಿಮಯುಗವೊಂದು ಆಗ ತಾನೇ ಮುಗಿದು, ಹಿಮ ಕರಗಿದ ತಗ್ಗುಗಳಲ್ಲಿ ಜೌಗು ಕಾಡು ಬೆಳೆದಿತ್ತು. ಆ ಕಾಡಿನ ಮುಖ್ಯ ಮರಕ್ಕೆ ಗ್ಲಾಸಾಪ್ಟೆರಿಸ್ ಎಂದು ಹೆಸರು. ಎಲೆ ನಾಲಿಗೆಯ ಆಕಾರ. ಇಂದಿಗೂ ನಮ್ಮ ಕಲ್ಲಿದ್ದಲಿನ ಗಣಿಗಳಲ್ಲಿ ಕಲ್ಲನ್ನು ಸೀಳಿದರೆ ಆ ಎಲೆಯ ಅಚ್ಚು, ನಡುನರದ ಸಮೇತ, ಮೊನ್ನೆ ಬಿದ್ದ ಎಲೆಯಂತೆ ಕಾಣುತ್ತದೆ. ದಕ್ಷಿಣ ಧ್ರುವಕ್ಕೆ ಹೋಗಿ ಹಿಂದಿರುಗುವಾಗ ಚಳಿಗೆ, ಹಸಿವಿಗೆ ತುತ್ತಾಗಿ ಮಡಿದ ಕ್ಯಾಪ್ಟನ್ ಸ್ಕಾಟ್ ಮತ್ತು ಅವನ ಸಂಗಡಿಗರ ಗುಡಾರವನ್ನು 1912ರ ನವೆಂಬರಿನಲ್ಲಿ ಪತ್ತೆ ಮಾಡಿದಾಗ, ಅವರ ಬಳಿ ಸುಮಾರು 35 ಪೌಂಡು ಕಲ್ಲು ಸಿಕ್ಕಿತು. ಸಾಯುವ ಹೊತ್ತಿನಲ್ಲೂ ಅವರು ಅದನ್ನು ಎಸೆದಿರಲಿಲ್ಲ. ಆ ಕಲ್ಲುಗಳಲ್ಲಿ ಇದ್ದದ್ದು ಇದೇ ನಾಲಿಗೆ ಎಲೆಯ ಅಚ್ಚು. ಹಿಮ ಬಿಟ್ಟು ಬೇರೇನೂ ಇಲ್ಲದ ಆ ನೆಲವೂ ನಮ್ಮ ಗೋದಾವರಿ ತೀರವೂ ಒಂದು ಕಾಲಕ್ಕೆ ಒಂದೇ ಕಾಡಿನ ಭಾಗಗಳಾಗಿದ್ದುವು ಎಂಬುದಕ್ಕೆ ಅದೊಂದು ಸಾಕ್ಷಿ.

ಈ ಕಾಡಿನ ಎಲೆ, ಕೊಂಬೆ, ಕಾಂಡಗಳು ವರ್ಷ ವರ್ಷವೂ ಜೌಗಿನಲ್ಲಿ ಬಿದ್ದು, ಪೂರ್ತಿ ಕೊಳೆಯದೆ, ಕಪ್ಪು ಮುದ್ದೆಯಾಗಿ ಶೇಖರವಾದುವು. ಇದಕ್ಕೆ ಪೀಟ್ ಎನ್ನುತ್ತಾರೆ. ಇತ್ತ ನೆಲ ಮೆಲ್ಲಗೆ ಕುಸಿಯುತ್ತಿತ್ತು. ಹೊಳೆಗಳು ಮೇಲೆ ಮರಳು, ಹೂಳು ತಂದು ಹಾಸಿದುವು. ಮತ್ತೆ ಕಾಡು, ಮತ್ತೆ ಹೂಳು; ಹೀಗೆ ಪದರದ ಮೇಲೆ ಪದರ. ಕೆಳಗಿನದಕ್ಕೆ ಮೇಲಿನ ಭಾರ. ಭೂಮಿಯಲ್ಲಿ ಒಂದು ಕಿಲೋಮೀಟರ್ ಆಳಕ್ಕೆ ಇಳಿದರೆ ಶಾಖ ಸುಮಾರು 25-30 ಡಿಗ್ರಿ ಏರುತ್ತದೆ. ಆ ಭಾರ, ಆ ಶಾಖಗಳಿಗೆ ಸಿಕ್ಕಿ ನೀರು ಹಿಂಡಿಹೋಗಿ, ಇಂಗಾಲದ ಪಾಲು ಏರುತ್ತ ಏರುತ್ತ ಮೊದಲು ಕಂದು ಇದ್ದಲು, ಆಮೇಲೆ ಕಪ್ಪು ಕಲ್ಲಿದ್ದಲು ಆಯಿತು. ತಮಿಳುನಾಡಿನ ನೈವೇಲಿಯಲ್ಲಿ ಅಗೆಯುವುದು ಕಂದು ಇದ್ದಲು. ಅದು ವಯಸ್ಸಿನಲ್ಲಿ ಎಷ್ಟೋ ಕಿರಿಯದು. ಸ್ಥೂಲವಾಗಿ ಹೇಳುವುದಾದರೆ ಹತ್ತಡಿ ಪೀಟ್ ಒತ್ತಿಕೊಂಡರೆ ಒಂದಡಿ ಕಲ್ಲಿದ್ದಲು. ಆ ಒಂದಡಿಗೆ ಸಾವಿರಾರು ವರ್ಷಗಳ ಎಲೆಯುದುರು ಬೇಕು. ಅಂದಮೇಲೆ ಕಲ್ಲಿದ್ದಲು ಎನ್ನುವುದು ಹೂತಿಟ್ಟ ಬಿಸಿಲೇ.

ಇಲ್ಲಿ ಒಂದು ಮಾತು. ಹೊಳೆಯ ಹೂಳು ಎಲೆಯ ಜತೆ ಬೆರೆತದ್ದರಿಂದಲೇ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಬಹಳ. ನೂರು ಕೆ.ಜಿ. ಸುಟ್ಟರೆ 30ರಿಂದ 45 ಕೆ.ಜಿ. ಬೂದಿ ಉಳಿಯುತ್ತದೆ. ಆ ಬೂದಿ ಎಂದರೆ ಬೇರೇನಲ್ಲ, ಆ ಕಾಲದ ಪ್ರವಾಹದ ಕೆಸರು. ಮೂವತ್ತು ಕೋಟಿ ವರ್ಷದ ಹಿಂದಿನ ನೆರೆ ಇಂದು ಶಕ್ತಿನಗರದ ಬೂದಿ ಹೊಂಡದಲ್ಲಿ ಬಂದು ಬೀಳುತ್ತಿದೆ!

"ಹಾಗಾದರೆ ನಮ್ಮ ರಾಯಚೂರಿನ ನೆಲದಡಿ ಯಾಕಿಲ್ಲ?" ಎಂದು ಕೇಳೀರಿ. ಒಳ್ಳೆಯ ಪ್ರಶ್ನೆ. ನಮ್ಮ ಹಟ್ಟಿಯ ಚಿನ್ನವಿರುವ ಬಂಡೆಗಳ ವಯಸ್ಸು 250 ಕೋಟಿ ವರ್ಷಕ್ಕೂ ಮೀರಿದ್ದು. ಆಗ ನೆಲದ ಮೇಲೆ ಗಿಡವೇ ಇರಲಿಲ್ಲ. ಗಿಡಗಳು ನೀರಿನಿಂದ ನೆಲಕ್ಕೆ ಕಾಲಿಟ್ಟು ಇನ್ನೂ ಐವತ್ತು ಕೋಟಿ ವರ್ಷವೂ ಆಗಿಲ್ಲ. ಮರವೇ ಇಲ್ಲದ ಕಾಲದ ಕಲ್ಲಿನಲ್ಲಿ ಮರದ ಇದ್ದಲು ಎಲ್ಲಿಂದ ಬಂದೀತು? ಗೋದಾವರಿ ಕಣಿವೆಯ ಸಂಗತಿ ಬೇರೆ. ಅಲ್ಲಿ ನೆಲ ಉದ್ದಕ್ಕೆ ಸೀಳಿ, ತೊಟ್ಟಿಯಂತೆ ಕುಸಿದು, ಜೌಗು ಕಾಡನ್ನು ಹೊಟ್ಟೆಗೆ ಹಾಕಿಕೊಂಡಿತು. ಕರ್ನಾಟಕಕ್ಕೆ ಚಿನ್ನ ಬಂತು, ಕಬ್ಬಿಣದ ಅದಿರು ಬಂತು; ಇದ್ದಲಿಗೆ ಮಾತ್ರ ಅಕ್ಕಪಕ್ಕದವರ ಮನೆಗೇ ಹೋಗಬೇಕಾಯಿತು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗೆ, 92 ಮೈಲಿ ದೂರ ತಂತಿಯಲ್ಲಿ ವಿದ್ಯುತ್ತು ಹರಿಸಿದರಲ್ಲ, ಅದರ ಹಿಂದಿನ ಒಂದು ಒತ್ತಡ ಇದೇ. ಗಣಿಯ ಉಗಿಯಂತ್ರಗಳಿಗೆ ಸೌದೆಯೂ ಹೊರಗಿನ ಇದ್ದಲೂ ತುಟ್ಟಿಯಾಗಿದ್ದುವು.

ಕಲ್ಲೆಣ್ಣೆ, ನೈಸರ್ಗಿಕ ಅನಿಲ ಇವುಗಳ ಹುಟ್ಟೂ ಇದೇ ರೀತಿ, ಆದರೆ ಕಾಡಿನಲ್ಲಲ್ಲ, ನೀರಿನಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಜೀವಿಗಳು ಸತ್ತು ಸಮುದ್ರದ ತಳದ ಕೆಸರಿನಲ್ಲಿ ಹೂತು, ಸುಮಾರು 60ರಿಂದ 120 ಡಿಗ್ರಿ ಶಾಖದಲ್ಲಿ ಬೆಂದು ಎಣ್ಣೆಯಾಗುತ್ತವೆ. ಇನ್ನೂ ಹೆಚ್ಚು ಬೆಂದರೆ ಅನಿಲ. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ಎಣ್ಣೆ ಬಾವಿ ಕೊರೆದರು, 1901ರಲ್ಲಿ ಶುದ್ಧೀಕರಣ ಕಾರ್ಖಾನೆ ಎದ್ದಿತು. ಮುಂಬಯಿ ಸಮುದ್ರದಲ್ಲಿ 1974ರಲ್ಲಿ ಎಣ್ಣೆ ಸಿಕ್ಕಿತು. ನಮಗೆ ಹತ್ತಿರದ ನಂಟು ಇನ್ನೊಂದುಂಟು: ನಮ್ಮ ಜಿಲ್ಲೆಯ ಅಂಚಿನಲ್ಲೇ ಹರಿಯುವ ಕೃಷ್ಣೆ, ಆ ಕಡೆಯ ಗೋದಾವರಿ, ಇವೆರಡೂ ಕಾಲಾಂತರದಿಂದ ಹೊತ್ತೊಯ್ದು ಬಂಗಾಳ ಕೊಲ್ಲಿಗೆ ಸುರಿದ ಮಣ್ಣು ಮರಳಿನ ಪದರಗಳಲ್ಲಿ ಅನಿಲ ಅಡಗಿದೆ. 2002ರಲ್ಲಿ ಅಲ್ಲಿ ಆಳ ಸಮುದ್ರದ ದೊಡ್ಡ ನಿಕ್ಷೇಪ ಪತ್ತೆಯಾಗಿ 2009ರಿಂದ ಅನಿಲ ತೆಗೆಯತೊಡಗಿದರು.

ಇಷ್ಟು ಹುಟ್ಟಿನ ಕಥೆ. ಇನ್ನು ಮನುಷ್ಯನ ಕೈಗೆ ಅದು ಬಂದ ಬಗೆ.

ನಿಮಗೆ ಆಶ್ಚರ್ಯವಾದೀತು, ಕಲ್ಲಿದ್ದಲಿನಿಂದ ನಡೆದ ಮೊದಲ ದೊಡ್ಡ ಯಂತ್ರ ಒಂದು ಪಂಪು! ಇಂಗ್ಲೆಂಡಿನಲ್ಲಿ ಮರ ಕಡಿದು ಕಡಿದು ಸೌದೆಗೆ ಬರ ಬಂದು ಜನ ಕಲ್ಲಿದ್ದಲಿಗೆ ಬಿದ್ದರು. ಗಣಿ ಆಳವಾದಂತೆ ನೀರು ತುಂಬಿಕೊಂಡಿತು. ಆ ನೀರನ್ನೆತ್ತಲು ನ್ಯೂಕೊಮೆನ್ ಎಂಬ ಕುಶಲಿ 1712ರಲ್ಲಿ ಉಗಿಯಂತ್ರ ಕಟ್ಟಿದ. ಇದ್ದಲು ಸುಟ್ಟು ನೀರೆತ್ತುವುದು, ನೀರೆತ್ತಿ ಮತ್ತಷ್ಟು ಇದ್ದಲು ತೆಗೆಯುವುದು. ಜೇಮ್ಸ್ ವಾಟ್ 1769ರಲ್ಲಿ ಅದನ್ನೇ ತಿದ್ದಿ, ಕಡಿಮೆ ಇದ್ದಲಿನಲ್ಲಿ ಹೆಚ್ಚು ಕೆಲಸ ಮಾಡುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಕಡಿಮೆ ಇದ್ದಲು ಸಾಕೆಂದಮೇಲೆ ಇದ್ದಲಿನ ಖರ್ಚು ಇಳಿಯಬೇಕಿತ್ತಲ್ಲವೆ? ಇಳಿಯಲಿಲ್ಲ. ಯಂತ್ರ ಅಗ್ಗವಾಯಿತೆಂದು ಎಲ್ಲರೂ ಇಟ್ಟುಕೊಂಡರು, ಖರ್ಚು ಹತ್ತಾರು ಪಾಲು ಏರಿತು. ಬೋರ್‌ವೆಲ್ಲಿನ ವಿಷಯದಲ್ಲಿ ನಾವು ಮಾಡಿದ್ದೂ ಇದೇ ಅಲ್ಲವೆ? ಇರಲಿ.

ನಮ್ಮ ದೇಶದಲ್ಲಿ ಬಂಗಾಳದ ರಾಣಿಗಂಜ್ ಪ್ರದೇಶದಲ್ಲಿ 1774ರಲ್ಲಿ ಕಂಪನಿ ಸರ್ಕಾರದ ಅಪ್ಪಣೆ ಪಡೆದು ಮೊದಲು ಗಣಿ ತೆಗೆದರು. ಅರುವತ್ತು ವರ್ಷ ಅದು ಕುಂಟುತ್ತಲೇ ಇತ್ತು. 1830ರ ದಶಕದಲ್ಲಿ ದ್ವಾರಕಾನಾಥ ಠಾಕೂರರು, ಕವಿ ರವೀಂದ್ರನಾಥರ ಅಜ್ಜ, ಆ ಗಣಿಯನ್ನು ಕೊಂಡು ಬೆಳೆಸಿದರು. 1853ರಲ್ಲಿ ಮುಂಬಯಿ-ಠಾಣೆ ರೈಲು, 1855ರಲ್ಲಿ ಹೌರಾದಿಂದ ರಾಣಿಗಂಜಿಗೆ ರೈಲು ಬಂದ ಮೇಲೆ ಇದ್ದಲಿಗೆ ಕಾಲು ಬಂದಂತಾಯಿತು. ರೈಲು ಇದ್ದಲನ್ನು ತಿನ್ನುವುದೂ ಅದೇ, ಹೊರುವುದೂ ಅದೇ.

ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ಮುಂಬಯಿಯ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ ನಮ್ಮ ಊರಲ್ಲೇ ಕೂಡಿದುವು. ಕಾಕತಾಳೀಯವೆನ್ನಿ, ಅದೇ 1871ರ ಸುಮಾರಿಗೆ ಭೂವೈಜ್ಞಾನಿಕ ಇಲಾಖೆಯ ವಿಲಿಯಂ ಕಿಂಗ್ ಎಂಬ ಅಧಿಕಾರಿ ಗೋದಾವರಿ ಕಣಿವೆಯ ಯೆಲ್ಲಂದು ಬಳಿ ಕಲ್ಲಿದ್ದಲು ಕಂಡ. ಪಕ್ಕದ ಸಿಂಗರೇಣಿ ಎಂಬ ಹಳ್ಳಿಯ ಹೆಸರೇ ಆ ಗಣಿಗಳಿಗೆ ನಿಂತಿತು. ಆಗ ಅದೂ ನಮ್ಮ ರಾಯಚೂರೂ ಒಂದೇ ನಿಜಾಮ ಸೀಮೆ. 1886ರಲ್ಲಿ ಗಣಿಯ ಹಕ್ಕು ಒಂದು ಇಂಗ್ಲಿಷ್ ಕಂಪನಿಗೆ ಹೋಯಿತು, 1920ರಲ್ಲಿ ಸಿಂಗರೇಣಿ ಕಾಲಿಯರೀಸ್ ಎಂಬ ಹೆಸರು ಬಂತು, 1945ರಲ್ಲಿ ನಿಜಾಮ ಸರ್ಕಾರ ಅದರ ಹೆಚ್ಚಿನ ಷೇರುಗಳನ್ನು ಕೊಂಡಿತು. ನಲವತ್ತು ವರ್ಷಗಳ ಮೇಲೆ, 1985ರಲ್ಲಿ, ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ಉಷ್ಣ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದಾಗ ಆ ಹಳೆಯ ನಂಟು ಮತ್ತೆ ಕೂಡಿತು. ಸಿಂಗರೇಣಿಯ ಇದ್ದಲು ಗೂಡ್ಸ್ ಗಾಡಿಯಲ್ಲಿ ಬಂದು ಇಲ್ಲಿ ಉರಿದು ನಿಮ್ಮ ಪಂಪ್‌ಸೆಟ್ಟಿಗೆ ಕರೆಂಟಾಯಿತು.

ಆದರೂ ನಮ್ಮ ಕಡೆಯ ಹಳ್ಳಿಗಳಿಗೆ ನೆಲದಡಿಯ ಇಂಧನ ಮೊದಲು ಬಂದದ್ದು ಸೀಮೆಎಣ್ಣೆಯ ಡಬ್ಬಿಯಲ್ಲಿ. ಎರೆ ಸೀಮೆಯಲ್ಲಿ ಮರ ಕಡಿಮೆ. ಒಲೆಗೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು. ದೀಪಕ್ಕೆ ಔಡಲೆಣ್ಣೆಯೋ ಇನ್ನಾವ ಬೀಜದ ಎಣ್ಣೆಯೋ. ಸೀಮೆಎಣ್ಣೆ ಬಂದು ಅವು ಮೂಲೆಗೆ ಸರಿದವು. ಅದರ ಹಿಂದೆ ಡೀಸೆಲ್ ಇಂಜಿನ್ ಬಂತು. ಶೇಂಗಾ ಬೆಳೆಯುವವರು ಕೇಳಿ ಸಂತೋಷಪಡುವ ಸಂಗತಿ ಒಂದಿದೆ: 1900ರಲ್ಲಿ ಪ್ಯಾರಿಸಿನ ದೊಡ್ಡ ಪ್ರದರ್ಶನದಲ್ಲಿ ಒಂದು ಡೀಸೆಲ್ ಇಂಜಿನನ್ನು ಶೇಂಗಾ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ಇಂಜಿನಿಗೆ ಅದು ಒಗ್ಗಿತ್ತು. ಕಲ್ಲೆಣ್ಣೆ ಅಗ್ಗವಾಗಿ ಸಿಗುತ್ತಿದ್ದುದರಿಂದ ಆ ಮಾತು ಅಲ್ಲಿಗೇ ನಿಂತಿತು.

ಈ ಇಂಧನ ನಮಗೆ ಮಾಡಿದ ಉಪಕಾರವನ್ನು ಮರೆಮಾಚುವುದು ನ್ಯಾಯವಲ್ಲ. ಒಬ್ಬ ಗಟ್ಟಿ ಆಳು ದಿನವಿಡೀ ದುಡಿದರೆ ಅವನ ಮೈಯಿಂದ ಬರುವ ಕೆಲಸ ಸುಮಾರು ಅರ್ಧ ಯೂನಿಟ್ಟು ಕರೆಂಟಿಗೆ ಸಮ. ಒಂದು ಲೀಟರ್ ಡೀಸೆಲ್ ಇಂಜಿನಿನಲ್ಲಿ ಉರಿದರೆ ಸುಮಾರು ಮೂರು ಯೂನಿಟ್ಟಿನ ಕೆಲಸ ಸಿಗುತ್ತದೆ. ಅಂದರೆ ಆರು ಆಳಿನ ದಿನದ ದುಡಿಮೆ ಒಂದು ಸೀಸೆಯಲ್ಲಿ! ನನ್ನ ಅಜ್ಜ ಕಪಿಲೆ ಹೊಡೆದು ಬೆನ್ನು ಬಾಗಿಸಿಕೊಂಡವರು. ಬಾವಿಗೆ ಇಂಜಿನ್ ಬಂದ ದಿನ ಎತ್ತುಗಳ ಕೊರಳಿಗೆ ಹೂವಿನ ಹಾರ ಹಾಕಿದ್ದರಂತೆ. ಅವರ ಎದುರಿಗೆ ನಿಂತು ಇಂಜಿನ್ ಕೆಟ್ಟದ್ದು ಎನ್ನುವ ಧೈರ್ಯ ನನಗಿಲ್ಲ.

ಈಗ ತಾತನ ಪ್ರಶ್ನೆಗೆ ಬರೋಣ. ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಇದೆ. ಬೆಳೆಯ ಮೂಗಿನ ಮುಂದೆಯೇ ಇದೆ, ಆದರೆ ಬೆಳೆಗೆ ದಕ್ಕುವುದಿಲ್ಲ. ಜರ್ಮನಿಯ ಹೇಬರ್ ಎಂಬ ರಸಾಯನ ಶಾಸ್ತ್ರಜ್ಞ 1909ರಲ್ಲಿ ಅದನ್ನು ಜಲಜನಕದ ಜತೆ, ಭಾರೀ ಒತ್ತಡ, ಶಾಖಗಳಲ್ಲಿ ಕೂಡಿಸಿ ಅಮೋನಿಯ ಮಾಡಿ ತೋರಿಸಿದ. ಬಾಷ್ ಎಂಬ ಇಂಜಿನಿಯರು 1913ರಲ್ಲಿ ಓಪಾವು ಎಂಬಲ್ಲಿ ಅದರ ಕಾರ್ಖಾನೆ ನಡೆಸಿದ. ಸಾರಜನಕ ಗಾಳಿಯಿಂದ ಪುಕ್ಕಟೆ. ಜಲಜನಕ ಎಲ್ಲಿಂದ? ಕಾದ ಇದ್ದಲಿನ ಮೇಲೆ ಉಗಿ ಹಾಯಿಸಿದರೆ ಜಲಜನಕ ಬರುತ್ತದೆ. ನೈಸರ್ಗಿಕ ಅನಿಲದಿಂದಲೂ ಬರುತ್ತದೆ. ಯೂರಿಯಾದ ಗಣಿ ಇಲ್ಲೇ ಅಡಗಿದೆ, ನೋಡಿ.

1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಆ ಆಘಾತದ ಮೇಲೆ ಸರ್ಕಾರ ಗೊಬ್ಬರದ ಕಾರ್ಖಾನೆಯ ಆಲೋಚನೆ ಮಾಡಿತು. ಝರಿಯಾದ ಕಲ್ಲಿದ್ದಲ ಗಣಿಗಳ ಪಕ್ಕದಲ್ಲೇ, ಸಿಂದ್ರಿ ಎಂಬಲ್ಲಿ, ದಿನಕ್ಕೆ ಸುಮಾರು ಸಾವಿರ ಟನ್ ಅಮೋನಿಯಂ ಸಲ್ಫೇಟ್ ತಯಾರಿಸುವ ಕಾರ್ಖಾನೆ ಕಟ್ಟಿ, 1951ರಲ್ಲಿ ಕೆಲಸ ಶುರುಮಾಡಿದರು. 1952ರ ಮಾರ್ಚಿಯಲ್ಲಿ ಪ್ರಧಾನಿ ನೆಹರೂ ಅವರು ಅದನ್ನು ದೇಶಕ್ಕೆ ಒಪ್ಪಿಸಿದರು. ಕೇರಳದ ಆಲುವೆ ಬಳಿಯ ಕಾರ್ಖಾನೆಯಲ್ಲಿ 1947ರಲ್ಲಿ ಇದ್ದಲು ಸಿಗದೆ ಕಾಡಿನ ಸೌದೆಯಿಂದಲೇ ಅನಿಲ ಮಾಡಿ ಗೊಬ್ಬರ ತೆಗೆದರು. ಕಾಡಿನ ಗತಿ ಏನಾಗುತ್ತಿತ್ತೋ, ಆಮೇಲೆ ಅವರು ನಾಫ್ತಕ್ಕೆ ಹೊರಳಿಕೊಂಡರು.

ನಮಗೆ ಇನ್ನೂ ಹತ್ತಿರದ್ದು ರಾಮಗುಂಡಂ. ಗೋದಾವರಿ ದಂಡೆಯಲ್ಲಿ, ಸಿಂಗರೇಣಿ ಗಣಿಗಳ ಮಡಿಲಲ್ಲೇ, ಕಲ್ಲಿದ್ದಲಿನಿಂದ ನೇರವಾಗಿ ಯೂರಿಯಾ ಮಾಡುವ ಕಾರ್ಖಾನೆ 1980ರಲ್ಲಿ ಆರಂಭವಾಯಿತು. ಬೂದಿ ಹೆಚ್ಚಿನ ಇದ್ದಲು, ಯಂತ್ರಗಳ ತೊಂದರೆ, ನಷ್ಟ, ಇವುಗಳ ನಡುವೆ ಏಗಿ 1999ರಲ್ಲಿ ಬಾಗಿಲು ಹಾಕಿತು. ಅದೇ ಜಾಗದಲ್ಲಿ ಹೊಸ ಕಾರ್ಖಾನೆ ಎದ್ದು 2021ರಿಂದ ಯೂರಿಯಾ ಬರುತ್ತಿದೆ. ಈ ಸಲ ಇದ್ದಲಿನಿಂದಲ್ಲ, ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದಿಂದ. ಆ ಯೂರಿಯಾ ನಮ್ಮ ರಾಜ್ಯಕ್ಕೂ ಬರುತ್ತದೆ. ಹೀಗೆ ತಾತನ ಪ್ರಶ್ನೆಗೆ ಉತ್ತರ: ಮೊದಲು ಇದ್ದಲಿನ ಗಣಿ, ಈಗ ಅನಿಲದ ಬಾವಿ. ಆ ಅನಿಲದಲ್ಲಿ ಬಹುಪಾಲು ಹಡಗಿನಲ್ಲಿ ಹೊರದೇಶದಿಂದ ಬರುತ್ತದೆ. ಎಲ್ಲೋ ದೂರದಲ್ಲಿ ಯುದ್ಧವಾದರೆ ನಮ್ಮ ಸೊಸೈಟಿಯ ಮುಂದೆ ಸಾಲು ಉದ್ದವಾಗುವುದು ಈ ಕಾರಣದಿಂದ. 1973ರ ಕೊನೆಯಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದಾಗ ಆದದ್ದೂ ಅದೇ, 2022ರಲ್ಲಿ ಉಕ್ರೇನಿನ ಯುದ್ಧ ಶುರುವಾದಾಗ ಆದದ್ದೂ ಅದೇ. 45 ಕೆ.ಜಿ. ಚೀಲಕ್ಕೆ ಬೇವಿನ ಲೇಪನ, ತೆರಿಗೆ ಬಿಟ್ಟು 242 ರೂಪಾಯಿ ಎಂದು ನಾವು ಕೊಡುತ್ತೇವೆ. ನಿಜವಾದ ಬೆಲೆ ಅದರ ಹಲವು ಪಟ್ಟು, ಉಳಿದದ್ದನ್ನು ಸರ್ಕಾರದ ಬೊಕ್ಕಸ ತುಂಬುತ್ತದೆ. ಬೆಲೆ ಕಾಣಿಸದ ವಸ್ತುವನ್ನು ಮನುಷ್ಯ ಕೈಬಿಚ್ಚಿ ಸುರಿಯುತ್ತಾನೆ. ನೀವೂ, ನಾನೂ.

ಒಂದು ಚೀಲ ಯೂರಿಯಾ ಮಾಡಲು ಎಷ್ಟು ಇಂಧನ ಬೇಕು ಗೊತ್ತೆ? ಸುಮಾರು 25-30 ಲೀಟರ್ ಡೀಸೆಲಿನಲ್ಲಿರುವಷ್ಟು ಶಾಖ. ನಾಟಿ ಗದ್ದೆಯಲ್ಲಿ ಎಕರೆಗೆ ನಾಲ್ಕೈದು ಚೀಲ ಹಾಕುವವರನ್ನು ನಾನು ನಮ್ಮ ಕಾಲುವೆ ಕೆಳಗೆ ಕಂಡಿದ್ದೇನೆ. ಅಂದರೆ ಒಂದು ಎಕರೆಯ ಮೇಲೆ ನೂರಕ್ಕೂ ಹೆಚ್ಚು ಲೀಟರ್ ಡೀಸೆಲ್ ಚೆಲ್ಲಿದಂತೆ. ಅದರಲ್ಲಿ ಭತ್ತದ ಬೇರಿಗೆ ದಕ್ಕುವುದು ಮೂರರಲ್ಲಿ ಒಂದು ಪಾಲು, ಚೆನ್ನಾಗಿ ಹಾಕಿದರೆ ಸ್ವಲ್ಪ ಹೆಚ್ಚು. ಉಳಿದದ್ದು ಆವಿಯಾಗಿಯೋ ನೀರಿನ ಜತೆಯೋ ಹೋಗುತ್ತದೆ. ಸ್ವಲ್ಪ ಭಾಗ ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗಿ ಮೇಲೇರುತ್ತದೆ. ತೂಕಕ್ಕೆ ತೂಕ ನೋಡಿದರೆ ಇದು ಇಂಗಾಲಾಮ್ಲಕ್ಕಿಂತ ಸುಮಾರು 270 ಪಟ್ಟು ಶಾಖ ಹಿಡಿಯುವಂಥದು. ಇನ್ನೊಂದು ವಿಚಿತ್ರವನ್ನೂ ಕೇಳಿ. ಯೂರಿಯಾದೊಳಗೇ ಇಂಗಾಲವೂ ಇದೆ, ಅದೂ ಆ ಅನಿಲ, ಇದ್ದಲುಗಳದ್ದೇ. ಹೊಲದಲ್ಲಿ ಕರಗಿದ ಮೇಲೆ ಚೀಲವೊಂದಕ್ಕೆ ಸುಮಾರು 33 ಕೆ.ಜಿ. ಇಂಗಾಲಾಮ್ಲ ಮೇಲಕ್ಕೆ ಹೋಗುತ್ತದೆ.

ಪಂಪ್‌ಸೆಟ್ಟಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 5 ಎಚ್.ಪಿ. ಮೋಟಾರು ಏಳು ತಾಸು ಓಡಿದರೆ ಸುಮಾರು 26 ಯೂನಿಟ್ಟು. ಅದೆಲ್ಲವೂ ಇದ್ದಲಿನ ಕರೆಂಟೇ ಆದರೆ 18 ಕೆ.ಜಿ.ಯಷ್ಟು ಇದ್ದಲು ಉರಿದು, ಆರೇಳು ಕೆ.ಜಿ. ಬೂದಿ ಬಿದ್ದು, ಹೆಚ್ಚುಕಡಿಮೆ 25 ಕೆ.ಜಿ. ಇಂಗಾಲಾಮ್ಲ ಚಿಮಣಿಯಿಂದ ಹೊರಟಿತು. ನಮ್ಮ ರಾಜ್ಯದಲ್ಲಿ ಜಲವಿದ್ಯುತ್ತು, ಗಾಳಿ, ಸೂರ್ಯನ ಬಿಸಿಲು ಇವುಗಳ ಕರೆಂಟೂ ಸಾಕಷ್ಟು ಬೆರೆಯುವುದರಿಂದ ನಿಜವಾದ ಲೆಕ್ಕ ಇದಕ್ಕಿಂತ ಕಡಿಮೆ.

"ನಾವು ಕುಳ್ಳು ಸುಟ್ಟರೂ ಹೊಗೆ ಬರುತ್ತದಲ್ಲ, ಇದ್ದಲಿನ ಹೊಗೆ ಮಾತ್ರ ಯಾಕೆ ಬೇರೆ?" ಎಂದು ಯಾರಾದರೂ ಕೇಳಬಹುದು. ಕುಳ್ಳಿನೊಳಗಿನ ಇಂಗಾಲ ಕಳೆದ ವರ್ಷದ ಮೇವಿನದು. ಅದು ಗಾಳಿಯಿಂದ ಬಂತು, ಗಾಳಿಗೆ ಹೋಯಿತು. ಹೊಗೆ ತಾಯಂದಿರ ಕಣ್ಣಿಗೆ, ಎದೆಗೆ ಕೆಟ್ಟದ್ದೇ ಹೌದು, ಗೊಬ್ಬರವೂ ನಷ್ಟ. ಆದರೆ ಗಾಳಿಯ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಇದ್ದಲಿನದು ಹಾಗಲ್ಲ. ಕೋಟ್ಯಂತರ ವರ್ಷ ವ್ಯವಹಾರದಿಂದ ಹೊರಗಿದ್ದ ಇಡುಗಂಟನ್ನು ಎರಡು ಮೂರು ತಲೆಮಾರಿನಲ್ಲಿ ಪೇಟೆಗೆ ಬಿಟ್ಟಂತೆ. 1900ರಲ್ಲಿ ಭಾರತದಲ್ಲಿ ವರ್ಷಕ್ಕೆ ತೆಗೆದ ಕಲ್ಲಿದ್ದಲು ಸುಮಾರು 60 ಲಕ್ಷ ಟನ್. 2024-25ರಲ್ಲಿ 100 ಕೋಟಿ ಟನ್ ದಾಟಿತು.

ಇದರ ಕೆಡುಕು ಮೊದಲು ಕಂಡದ್ದು ಹತ್ತಿರದವರಿಗೆ. ಸಿಂದ್ರಿಯ ಪಕ್ಕದ ಝರಿಯಾದಲ್ಲಿ 1916ರಲ್ಲಿ ನೆಲದಡಿಯ ಇದ್ದಲಿಗೆ ಹತ್ತಿದ ಬೆಂಕಿ ನೂರು ವರ್ಷ ಕಳೆದರೂ ಪೂರ್ತಿ ಆರಿಲ್ಲ. ನೆಲ ಬಿರಿಯುತ್ತದೆ, ಮನೆ ಕುಸಿಯುತ್ತದೆ. ಅದೇ ಪ್ರದೇಶದ ಚಾಸನಾಲಾ ಗಣಿಗೆ 1975ರ ಡಿಸೆಂಬರಿನಲ್ಲಿ ನೀರು ನುಗ್ಗಿ 375 ಮಂದಿ ಕೆಲಸಗಾರರು ಸತ್ತರು. ನಮ್ಮ ಸ್ವಿಚ್ಚಿನ ಆ ತುದಿಯಲ್ಲಿ ಇವರಿದ್ದಾರೆ. ಲಂಡನ್ ಪಟ್ಟಣದಲ್ಲಿ 1952ರ ಡಿಸೆಂಬರಿನಲ್ಲಿ ಐದು ದಿನ ಇದ್ದಲಿನ ಹೊಗೆ ಮಂಜಿಗೆ ಬೆರೆತು ನೆಲಕ್ಕೆ ಕವಿದಾಗ ಸಾವಿರಾರು ಜನ ಉಸಿರುಗಟ್ಟಿ ಸತ್ತರು. ಆಮೇಲೆ, 1956ರಲ್ಲಿ, ಅಲ್ಲಿ ಶುದ್ಧ ಗಾಳಿಯ ಕಾನೂನು ಬಂತು.

ಹೊಗೆ ಕಣ್ಣಿಗೆ ಕಾಣುತ್ತದೆ, ಇಂಗಾಲಾಮ್ಲ ಕಾಣುವುದಿಲ್ಲ. ಗಾಳಿಯಲ್ಲಿ ಅದು ಹೆಚ್ಚಿದರೆ ಭೂಮಿಯ ಶಾಖ ಹೆಚ್ಚೀತೆಂದು ಸ್ವೀಡನ್ನಿನ ಅರೇನಿಯಸ್ 1896ರಲ್ಲೇ ಲೆಕ್ಕ ಹಾಕಿದ್ದ. 1958ರಲ್ಲಿ ಕೀಲಿಂಗ್ ಎಂಬ ಅಮೆರಿಕದ ವಿಜ್ಞಾನಿ ಹವಾಯಿ ದ್ವೀಪದ ಒಂದು ಬೆಟ್ಟದ ಮೇಲೆ ಅಳತೆಗೆ ಕುಳಿತ. ಆಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಂಗಾಲಾಮ್ಲ 315 ಪಾಲು ಇತ್ತು. ಉಗಿಯಂತ್ರಗಳಿಗೆ ಮುಂಚೆ 280. 2024ರಲ್ಲಿ 420 ದಾಟಿತ್ತು. ಅದು ಇದ್ದಲಿನದೇ ಎಂದು ಹೇಗೆ ಗೊತ್ತು? ಬದುಕಿರುವ ಗಿಡದ ಇಂಗಾಲದಲ್ಲಿ ಒಂದು ಬಗೆಯ ವಿಕಿರಣದ ಅಂಶವಿರುತ್ತದೆ, ಸಾವಿರಾರು ವರ್ಷಗಳಲ್ಲಿ ಅದು ಸವೆದುಹೋಗುತ್ತದೆ. ಇದ್ದಲು ಹಳೆಯದಾದ್ದರಿಂದ ಅದರಲ್ಲಿ ಅದು ಇಲ್ಲವೇ ಇಲ್ಲ. ಗಾಳಿಯಲ್ಲಿ ಆ ಅಂಶ ತೆಳ್ಳಗಾಗುತ್ತಿರುವುದನ್ನು ಸ್ಯೂಸ್ ಎಂಬ ವಿಜ್ಞಾನಿ 1955ರಲ್ಲಿ ತೋರಿಸಿಕೊಟ್ಟ. ಹಾಲಿಗೆ ನೀರು ಬೆರೆಸಿದ್ದು ಲ್ಯಾಕ್ಟೋಮೀಟರಿನಲ್ಲಿ ಗೊತ್ತಾಗುವುದಿಲ್ಲವೆ, ಹಾಗೆ.

ಶಾಖ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ನೂರಕ್ಕೆ ಏಳು ಪಾಲು ಹೆಚ್ಚು ತೇವ ಹಿಡಿಯಬಲ್ಲುದು. ಭೂಮಿಯ ಶಾಖ ಆಗಲೇ ಒಂದು ಡಿಗ್ರಿಗಿಂತ ಹೆಚ್ಚು ಏರಿದೆ. ಇದರಿಂದ ಮಳೆ ಬಂದಾಗ ಬಕೆಟ್ಟು ಕವುಚಿದಂತೆ, ಬಾರದಿದ್ದಾಗ ವಾರಗಟ್ಟಲೆ ಬಿಸಿಲು. 1950ರಿಂದ 2015ರವರೆಗಿನ ದಾಖಲೆ ನೋಡಿದರೆ ಮಧ್ಯ ಭಾರತದಲ್ಲಿ ದೊಡ್ಡ ಪ್ರದೇಶಕ್ಕೆ ಒಮ್ಮೆಲೇ ಸುರಿಯುವ ಅತಿ ಮಳೆಗಳು ಮೂರು ಪಟ್ಟಾಗಿವೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ನಮ್ಮ ಸೀಮೆಯಲ್ಲಿ ಆದದ್ದನ್ನು ನೀವು ಮರೆತಿರಲಾರಿರಿ. ಯಾವುದೇ ಒಂದು ಮಳೆಯನ್ನು ಬೊಟ್ಟು ಮಾಡಿ ಇದು ಇದ್ದಲಿನಿಂದಲೇ ಬಂತು ಎನ್ನಲಾಗದು. ಆದರೆ ದಾಳದ ಒಂದು ಮಗ್ಗುಲು ಭಾರವಾಗಿದೆ. ಈ ಇಂಗಾಲಾಮ್ಲದಲ್ಲಿ ಹೆಚ್ಚಿನದನ್ನು ಬಿಟ್ಟವರು ನಾವಲ್ಲ, ಮೊದಲು ಯಂತ್ರ ಹಿಡಿದ ದೇಶಗಳು. ಮಳೆ ಕೈಕೊಟ್ಟರೆ ತೆರುವವನು ಮಾತ್ರ ಮಳೆಯಾಶ್ರಿತ ತೊಗರಿ ಬಿತ್ತಿದವನು. ಈ ಅನ್ಯಾಯಕ್ಕೆ ನನ್ನ ಬಳಿ ಉತ್ತರವಿಲ್ಲ.

ಹದಿನೈದು ದಿನದ ಮೇಲೆ ಅದೇ ಊರಿಗೆ ಮತ್ತೆ ಹೋದೆ. ತಾತನ ಪಕ್ಕ ಕುಳಿತು ಇದನ್ನೆಲ್ಲ ಹೇಳಿದೆ. ಅವರು ಕೇಳಿ, "ಆ ಇದ್ದಲಿ, ಅನಿಲ ತೀರಿದ ಮ್ಯಾಲೆ ಯೂರಿಯಾ ಯಾತರಾಗ ಮಾಡ್ತೀರಿ?" ಎಂದರು. ನಾನು ನಂಗಲ್ ವಿಷಯ ಹೇಳಿದೆ. ಪಂಜಾಬಿನ ನಂಗಲ್ ಎಂಬಲ್ಲಿ 1961ರಲ್ಲಿ ಒಂದು ಗೊಬ್ಬರದ ಕಾರ್ಖಾನೆ ಶುರುವಾಯಿತು. ಭಾಖ್ರಾ ಅಣೆಕಟ್ಟಿನ ವಿದ್ಯುತ್ತನ್ನು ನೀರಿನಲ್ಲಿ ಹಾಯಿಸಿ, ನೀರನ್ನೇ ಒಡೆದು ಜಲಜನಕ ತೆಗೆದು ಗೊಬ್ಬರ ಮಾಡಿದರು. ಇದ್ದಲಿಲ್ಲ, ಎಣ್ಣೆಯಿಲ್ಲ. ಮುಂದೆ ಕರೆಂಟಿಗೆ ಬೇರೆ ಕಡೆ ಬೇಡಿಕೆ ಹೆಚ್ಚಿ, ಅವರೂ 1970ರ ದಶಕದಲ್ಲಿ ಎಣ್ಣೆಗೆ ತಿರುಗಿದರು. ಈಗ ಬಿಸಿಲಿನ ಕರೆಂಟಿನಿಂದ ಅದೇ ಕೆಲಸ ಮಾಡುವ ಯತ್ನ ಮತ್ತೆ ನಡೆದಿದೆ. ಖರ್ಚು ಇನ್ನೂ ಹೆಚ್ಚು.

"ಅದು ಬರೂತನ?" ಎಂದರು ತಾತ.

ಅಲ್ಲಿಯವರೆಗೆ ಮಾಡಬಹುದಾದದ್ದನ್ನು ಹೇಳಿದೆ. ಯೂರಿಯಾವನ್ನು ಒಂದೇ ಸಲ ಸುರಿಯದೆ ಮೂರು ಕಂತು ಮಾಡಿ, ಗದ್ದೆಯ ನೀರು ಬಸಿದು ಹಾಕಿ, ಒಂದು ದಿನ ಬಿಟ್ಟು ನೀರು ಕಟ್ಟುವುದು. ನಾಟಿಗೆ ಮುಂಚೆ ಡಯಂಚ ಬಿತ್ತಿ, ನಲವತ್ತು ನಲವತ್ತೈದು ದಿನಕ್ಕೆ, ಹೂವಾಡುವ ಮೊದಲು, ಕೆಸರಿನಲ್ಲಿ ತುಳಿಸುವುದು. ಡಯಂಚದ ಬೇರಿನ ಗಂಟುಗಳು ಓಪಾವಿನ ಕಾರ್ಖಾನೆ ಮಾಡುವ ಕೆಲಸವನ್ನೇ ಬೆಂಕಿಯಿಲ್ಲದೆ ಮಾಡುತ್ತವೆ. ಕಾಲುವೆ ನೀರು ತಡವಾಗಿ ಬಿಡುವ ವರ್ಷ ಇದಕ್ಕೆ ಸಮಯ ಸಾಲದು ಎಂಬುದನ್ನೂ ಒಪ್ಪಿಕೊಂಡೆ.

ಮರುವಾರ ತಾತನ ಮಗ ರೈತ ಸಂಪರ್ಕ ಕೇಂದ್ರಕ್ಕೆ ಬಂದು ಡಯಂಚ ಬೀಜ ಕೇಳಿದರು. ಇದ್ದ ಹತ್ತು ಎಕರೆಯಲ್ಲಿ ಎರಡು ಎಕರೆಗೆ ಸಾಕೆಂದರು. "ಉಳಿದ ಎಂಟಕ್ಕ ಯೂರಿಯಾನ ಬೇಕ್ರಿ, ಸೊಸೈಟಿಯವರಿಗೆ ಒಂದ್ಮಾತು ಹೇಳ್ರಿ" ಎಂದರು. ಬೀಜ ಕೊಟ್ಟು, ಸೊಸೈಟಿಗೆ ಫೋನು ಮಾಡಿದೆ.